ಹಳೆಯ ಬಸ್ಸು, ಹೊಸ ಮನೆ: ಸಂಚಾರಿ ನಿವಾಸಗಳ ಉದ್ಯಮದ ಲೆಕ್ಕಾಚಾರ

ಸಾರಿಗೆ ಸಂಸ್ಥೆಯೊಂದರ ಲೆಕ್ಕಪುಸ್ತಕದಲ್ಲಿ ಬಸ್ಸಿನ ಬೆಲೆಯು ವರ್ಷದಿಂದ ವರ್ಷಕ್ಕೆ ಸವಕಳಿಗೊಂಡು, ಕೊನೆಗೊಂದು ದಿನ ಗುಜರಿ ಮೌಲ್ಯಕ್ಕೆ ಬಂದು ನಿಲ್ಲುತ್ತದೆ. ಪುಸ್ತಕದ ಮಟ್ಟಿಗೆ ಆ ಬಸ್ಸಿನ ಆಯುಷ್ಯ ಅಲ್ಲಿಗೆ ಮುಗಿಯಿತು. ಆದರೆ ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಅಂತಹ ಬಸ್ಸುಗಳನ್ನು ಕೊಂಡು, ಎಂಜಿನ್ ಹಾಗೂ ಹೊರಕವಚಗಳನ್ನು ಸರಿಪಡಿಸಿ, ಒಳಗೆ ಅಡುಗೆಮನೆ, ಶಯನಗೃಹ, ಸ್ನಾನಗೃಹಗಳನ್ನು ಅಳವಡಿಸಿ, ಚಲಿಸುವ ಮನೆಯನ್ನಾಗಿ ಮಾರ್ಪಡಿಸುವ ಒಂದು ಉದ್ಯಮವೇ ಬೆಳೆದುಬಂದಿದೆ. ಸವಕಳಿ ಕಳೆದ ಸ್ವತ್ತಿನಿಂದ ಹೊಸ ಮೌಲ್ಯವನ್ನು ಸೃಷ್ಟಿಸುವ ಈ ಕಸುಬು ಸಣ್ಣ ಕೈಗಾರಿಕೋದ್ಯಮಿಗಳಿಗೆ ಸಹಜವಾಗಿಯೇ ಆಕರ್ಷಕವಾಗಿ ಕಾಣುತ್ತದೆ.

ಕವಚ ನಿರ್ಮಾಣ, ಮರಗೆಲಸ, ವೆಲ್ಡಿಂಗ್, ವಿದ್ಯುತ್ ಜೋಡಣೆ, ಬಣ್ಣಗಾರಿಕೆ ಇವೆಲ್ಲವೂ ನಮ್ಮ ರಾಜ್ಯದ ಕಾರ್ಯಾಗಾರಗಳಿಗೆ ಕರತಲಾಮಲಕವಾದ ವಿದ್ಯೆಗಳು. ಪ್ರವಾಸೋದ್ಯಮವೂ ಬೆಳೆಯುತ್ತಿದೆ. ಹೀಗಿರುವಾಗ, "ಹಳೆಯ ಬಸ್ಸೊಂದನ್ನು ಹರಾಜಿನಲ್ಲಿ ಕೊಂಡು ಮನೆಯನ್ನಾಗಿ ಮಾಡಿ ಮಾರಿದರೆ ಹೇಗೆ?" ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ಈ ಪ್ರಶ್ನೆಗೆ ಉತ್ಸಾಹದಿಂದಲ್ಲ, ಲೆಕ್ಕದಿಂದ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲು ಈ ಉದ್ಯಮವು ಬೆಳೆದ ನೆಲದಲ್ಲಿ ಅದು ಏಕೆ ಬೆಳೆಯಿತೆಂಬುದನ್ನೂ, ಅನಂತರ ಅದರ ವೆಚ್ಚದ ಸ್ವರೂಪವನ್ನೂ, ಕೊನೆಯಲ್ಲಿ ನಮ್ಮ ದೇಶದ ಕಾನೂನು ಮತ್ತು ತೆರಿಗೆಯ ಸ್ಥಿತಿಯನ್ನೂ ಅವಲೋಕಿಸೋಣ.

ಸೈಡ್‌ಕಾರಿನಿಂದ ಬಸ್ಸಿಗೆ

ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಒಂದು ಚಿಕ್ಕ ಊರು. ಅಲ್ಲಿ 1913ರಲ್ಲಿ ಹ್ಯೂಗೊ ಯಂಗ್ ಎಂಬುವರು ಮೋಟಾರ್‌ಸೈಕಲ್‌ಗಳಿಗೆ ಜೋಡಿಸುವ ಸೈಡ್‌ಕಾರುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಆರಂಭಿಸಿದರು. ತಿರುವಿನಲ್ಲಿ ಮೋಟಾರ್‌ಸೈಕಲ್ಲಿನೊಡನೆ ತಾನೂ ವಾಲುವ ಬಾಗುಜೋಡಣೆ ಅವರ ಸೈಡ್‌ಕಾರಿನ ವೈಶಿಷ್ಟ್ಯವಾಗಿದ್ದುದರಿಂದ ಸಂಸ್ಥೆಗೆ 'ಫ್ಲೆಕ್ಸಿಬಲ್' ಎಂಬ ಹೆಸರು ಬಂದಿತು. ಸಾಮಾನ್ಯ ಪದವೊಂದನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಲು ಬಾರದೆಂದು 1919ರಲ್ಲಿ ಅದರ ಕಾಗುಣಿತದಿಂದ ಒಂದಕ್ಷರವನ್ನು ಕಳೆದು ಹೊಸ ಹೆಸರು ಮಾಡಿಕೊಂಡರು. ಫೋರ್ಡ್ ಕಂಪನಿಯ ಮಾಡೆಲ್-ಟಿ ಕಾರಿನ ಬೆಲೆ ಇಳಿಯುತ್ತ ಬಂದಂತೆ ಸೈಡ್‌ಕಾರಿನ ಮಾರುಕಟ್ಟೆ ಕುಸಿಯಿತು. ಕಾರ್ಖಾನೆಯು ಬಾಗಿಲು ಹಾಕಲಿಲ್ಲ. ಶವವಾಹನ ಹಾಗೂ ಆಂಬುಲೆನ್ಸ್‌ಗಳ ತಯಾರಿಕೆಗೆ ತಿರುಗಿತು. 1924ರ ವೇಳೆಗೆ ಬಸ್ಸುಗಳ ತಯಾರಿಕೆಗೂ ಕೈಹಾಕಿತು.

ಈ ಸಂಸ್ಥೆಯ 'ಕ್ಲಿಪ್ಪರ್' ಎಂಬ ಬಸ್ಸು, ದುಂಡು ಮೂಗು, ಇಳಿಜಾರು ಬೆನ್ನುಗಳ ಸುಂದರ ಆಕೃತಿಯಿಂದಾಗಿ ಇಂದಿಗೂ ಸಂಗ್ರಾಹಕರ ಅಚ್ಚುಮೆಚ್ಚಿನ ವಾಹನವಾಗಿದೆ. ಹಿಂಬದಿಯಲ್ಲಿ ಬ್ಯೂಯಿಕ್ ಕಾರಿನ ಎಂಟು ಸಿಲಿಂಡರುಗಳ ಎಂಜಿನ್. ಬಸ್ಸು ದೈತ್ಯಗಾತ್ರದ್ದಲ್ಲವಾದ್ದರಿಂದ ಕುಟುಂಬವೊಂದು ನಿಭಾಯಿಸಬಹುದು. ಕಂಪನಿಯು 1996ರಲ್ಲಿ ಮುಚ್ಚಿಹೋದರೂ ಅದರ ಬಸ್ಸುಗಳ ಮಾಲೀಕರು ಲೌಡನ್‌ವಿಲ್‌ನಲ್ಲಿ ಸಮಾವೇಶಗೊಳ್ಳುವ ಪರಿಪಾಠ ಬೆಳೆದುಬಂದಿತು. ಅಲ್ಲಿಗೆ ಬರುವ ಬಸ್ಸುಗಳಲ್ಲಿ ಸಂಚಾರಿ ಮನೆಗಳಾಗಿ ಮಾರ್ಪಟ್ಟವು ಗಣನೀಯ. ತಯಾರಕನ ಆಯುಷ್ಯಕ್ಕಿಂತ ತಯಾರಿಕೆಯ ಆಯುಷ್ಯ ದೀರ್ಘವಾದುದಕ್ಕೆ ಇದೊಂದು ನಿದರ್ಶನ.

ಬಿಡಿಭಾಗವೇ ಪ್ರಾಣ

ಎರಡನೆಯ ಉದಾಹರಣೆ ಜನರಲ್ ಮೋಟಾರ್ಸ್ ಕಂಪನಿಯದು. 1953ರಿಂದ 1960ರವರೆಗೆ ಆ ಕಂಪನಿಯು 'ಪಿ.ಡಿ.-4104' ಎಂಬ 35 ಅಡಿ ಉದ್ದದ ದೂರಪ್ರಯಾಣದ ಬಸ್ಸನ್ನು 5,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ಸ್ಪ್ರಿಂಗ್ ಪಟ್ಟಿಗಳ ಬದಲು ಗಾಳಿಚೀಲಗಳ ಮೇಲೆ ನಿಲ್ಲುವ ಈ ಬಸ್ಸಿನ ಕವಚವು ಅಲ್ಯೂಮಿನಿಯಂನದು. 1961ರಿಂದ ಇದರ ಸ್ಥಾನಕ್ಕೆ ಹೆಚ್ಚು ಶಕ್ತಿಯ ಎಂಜಿನ್ನಿನ 'ಪಿ.ಡಿ.-4106' ಬಂದಿತು. ಇನ್ನೊಂದೆಡೆ, ಗ್ರೇಹೌಂಡ್ ಸಾರಿಗೆ ಸಂಸ್ಥೆಗೆಂದೇ 1954ರಿಂದ 1956ರ ಅವಧಿಯಲ್ಲಿ 1,001 'ಸೀನಿಕ್ರೂಸರ್' ಬಸ್ಸುಗಳು ತಯಾರಾದವು. 40 ಅಡಿ ಉದ್ದ, ಮೂರು ಅಚ್ಚುಗಳು, ಎರಡು ಸ್ತರದ ಆಸನಗಳು. ನೋಡಲು ರಾಜಗಾಂಭೀರ್ಯ.

ಈ ಎರಡು ಬಸ್ಸುಗಳ ಚರಿತ್ರೆಯನ್ನು ಹೋಲಿಸಿದರೆ ವ್ಯಾಪಾರಿಗೆ ಬೇಕಾದ ಪಾಠವೊಂದು ದೊರೆಯುತ್ತದೆ. ಸೀನಿಕ್ರೂಸರಿನಲ್ಲಿ ಎರಡು ನಾಲ್ಕು-ಸಿಲಿಂಡರ್ ಎಂಜಿನ್ನುಗಳನ್ನು ಒಟ್ಟುಗೂಡಿಸುವ ಜಟಿಲ ವ್ಯವಸ್ಥೆಯಿದ್ದಿತು. ಅದು ತೊಂದರೆ ಕೊಟ್ಟಿತು. 1961-62ರಲ್ಲಿ ಉಳಿದಿದ್ದ ಬಸ್ಸುಗಳಿಗೆ ಒಂದೇ ಎಂಟು-ಸಿಲಿಂಡರ್ ಎಂಜಿನ್ ಅಳವಡಿಸಬೇಕಾಯಿತು. ಕವಚದ ಕಿಟಕಿಗಳ ಬಳಿ ಬಿರುಕುಗಳೂ ಕಾಣಿಸಿಕೊಂಡವು. ಇದಕ್ಕೆ ವ್ಯತಿರಿಕ್ತವಾಗಿ 4104ರಲ್ಲಿದ್ದುದು 'ಡೆಟ್ರಾಯಿಟ್ ಡೀಸೆಲ್ 6-71' ಎಂಬ ಎಂಜಿನ್. 1938ರಲ್ಲಿ ಹೊರಬಂದ ಈ ಶ್ರೇಣಿಯ ಎಂಜಿನ್ನನ್ನು ದೋಣಿಗಳಿಗೆ, ಲಾರಿಗಳಿಗೆ, ಜನರೇಟರುಗಳಿಗೆ, ಸೇನಾ ವಾಹನಗಳಿಗೆ ಬಳಸಲಾಗುತ್ತಿದ್ದುದರಿಂದ ಅದರ ಬಿಡಿಭಾಗಗಳೂ ಅದನ್ನು ಬಲ್ಲ ಮೆಕಾನಿಕ್‌ಗಳೂ ದಶಕಗಳ ನಂತರವೂ ಲಭ್ಯವಾಗುತ್ತ ಬಂದರು. ಹಳೆಯ ವಾಹನದ ಮೌಲ್ಯವು ಅದರ ಸೌಂದರ್ಯದಲ್ಲಿ ಅರ್ಧ. ಅದರ ಗ್ಯಾಸ್ಕೆಟ್ಟು, ಬೇರಿಂಗು, ಬ್ರೇಕ್ ಡ್ರಮ್ಮುಗಳು ಪೇಟೆಯಲ್ಲಿ ದೊರೆಯುವುವೇ ಎಂಬುದರಲ್ಲಿ ಇನ್ನರ್ಧ.

ಈ ಬಸ್ಸುಗಳು ನಿವೃತ್ತಿಯಾಗುತ್ತ ಬಂದಂತೆ ಅವುಗಳನ್ನು ಕೊಂಡು ಮನೆಮಾಡಿಕೊಳ್ಳುವವರ ಸಂಖ್ಯೆಯೂ ಬೆಳೆಯಿತು. 1963ರ ಜುಲೈ 20ರಂದು ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲೆಂದು ಮೇನ್ ರಾಜ್ಯದ ಹಿಂಕ್ಲಿಯ ಶಾಲೆಯೊಂದರ ಆವರಣದಲ್ಲಿ ತಮ್ಮ ತಮ್ಮ ಸಂಚಾರಿ ಮನೆಗಳೊಡನೆ ಸೇರಿದ 26 ಕುಟುಂಬಗಳು ಅಲ್ಲಿಯೇ ಒಂದು ಸಂಘವನ್ನು ಸ್ಥಾಪಿಸಿದವು. 'ಫ್ಯಾಮಿಲಿ ಮೋಟಾರ್ ಕೋಚ್ ಅಸೋಸಿಯೇಷನ್' ಹುಟ್ಟಿದ್ದು ಹೀಗೆ. ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ಸಂಚಾರಿ ಮನೆಗಳು ಆಗಿನ್ನೂ ಸಾಮಾನ್ಯವಾಗಿರಲಿಲ್ಲ. ಅಯೊವಾ ರಾಜ್ಯದ ವಿನ್ನೆಬಾಗೊ ಕಂಪನಿಯು ಅವುಗಳ ತಯಾರಿಕೆಯನ್ನು ಆರಂಭಿಸಿದ್ದು 1966ರಲ್ಲಿ.

ಕಾರ್ಖಾನೆಯ ಸರಕು ಬಂದ ಮೇಲೆ ಬಸ್ಸು ಮಾರ್ಪಡಿಸುವವರ ಮುಂದೆ ಎರಡು ದಾರಿಗಳಷ್ಟೇ ಉಳಿದವು. ಒಂದು, ಸ್ವಂತ ಕೈಯಿಂದಲೇ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಹವ್ಯಾಸಿಗಳದು. ಅವರು ತಮ್ಮ ದುಡಿಮೆಗೆ ಕೂಲಿ ಕಟ್ಟುವುದಿಲ್ಲ. ಇನ್ನೊಂದು, ಕೆನಡಾದ ಪ್ರೆವೊಸ್ಟ್ ಕಂಪನಿಯಂಥವರಿಂದ ಖಾಲಿ ಹೊಸ ಕವಚವನ್ನೇ ಕೊಂಡು ಸಿರಿವಂತರಿಗಾಗಿ ಐಷಾರಾಮಿ ಮನೆ ಕಟ್ಟುವ ವೃತ್ತಿಪರರದು. ನಡುವಣ ದಾರಿಯಲ್ಲಿ, ಹಳೆಯ ಬಸ್ಸನ್ನು ಕೂಲಿಯಾಳುಗಳಿಂದ ಮಾರ್ಪಡಿಸಿ ಮಧ್ಯಮ ಬೆಲೆಗೆ ಮಾರುವುದು ಕಷ್ಟಸಾಧ್ಯ. ಏಕೆಂಬುದನ್ನು ವೆಚ್ಚದ ಲೆಕ್ಕ ತಿಳಿಸುತ್ತದೆ.

ಮೂಗಿಗಿಂತ ಮೂಗುತಿ ಭಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯು ಗಾಲಿಯ ಮೇಲಣ ಮನೆಗೂ ಅನ್ವಯಿಸುತ್ತದೆ. ಕೆಲಸದ ಹಂತಗಳನ್ನು ಸ್ಥೂಲವಾಗಿ ಗಮನಿಸೋಣ. ಮೊದಲು ಆಸನಗಳನ್ನೂ ಒಳಹೊದಿಕೆಯನ್ನೂ ಕಳಚಿ, ತುಕ್ಕು ಹಿಡಿದ ಭಾಗಗಳನ್ನು ಪತ್ತೆಹಚ್ಚಬೇಕು. ನೆಲಹಾಸಿನ ಅಡಿಯಲ್ಲಿ, ಗಾಲಿಗೂಡುಗಳಲ್ಲಿ, ಕಿಟಕಿಗಳ ಕೆಳಗೆ ಅಡಗಿರುವ ತುಕ್ಕು ಹೊರನೋಟಕ್ಕೆ ಕಾಣುವುದಿಲ್ಲ. ಅನಂತರ ಬ್ರೇಕು, ಚುಕ್ಕಾಣಿ, ಟೈರು, ಗಾಳಿಚೀಲಗಳ ಸರದಿ. ಟೈರಿನ ಗೆರೆಗಳು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆಂಬುದನ್ನು ಮರೆಯಬಾರದು. ಆ ಬಳಿಕ ಶಾಖನಿರೋಧಕ ಪದರ, ನೀರಿನ ತೊಟ್ಟಿ, ಕೊಳಚೆ ತೊಟ್ಟಿ, ಬ್ಯಾಟರಿ, ಇನ್ವರ್ಟರ್, ಅಡುಗೆ ಅನಿಲದ ವ್ಯವಸ್ಥೆ, ಪೀಠೋಪಕರಣ, ಕೊನೆಗೆ ಬಣ್ಣ.

ಇಲ್ಲಿ ಎರಡು ತಾಂತ್ರಿಕ ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ಭಾರ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. 400 ಲೀಟರಿನ ತೊಟ್ಟಿಯೆಂದರೆ ಆರೇಳು ಪ್ರಯಾಣಿಕರ ತೂಕ ಒಂದೇ ಕಡೆ ಕುಳಿತಂತೆ. ಪ್ರಯಾಣಿಕರ ಭಾರವು ಬಸ್ಸಿನುದ್ದಕ್ಕೂ ಹಂಚಿಹೋಗಿರುತ್ತದೆ. ಸ್ನಾನಗೃಹ, ತೊಟ್ಟಿ, ಬ್ಯಾಟರಿಗಳ ಭಾರ ಹಾಗಲ್ಲ. ಆದುದರಿಂದ ತೊಟ್ಟಿಗಳನ್ನು ಆದಷ್ಟೂ ಕೆಳಗೆ, ಎರಡು ಅಚ್ಚುಗಳ ನಡುವೆ ಇರಿಸಿ, ಎಡಬಲಗಳ ತೂಕವನ್ನು ಸಮತೋಲನಗೊಳಿಸಬೇಕು. ಎರಡನೆಯದು ಕವಚದ ಬಲ. ಲಾರಿಯಂತೆ ಪ್ರತ್ಯೇಕ ಷಾಸಿಯ ಮೇಲೆ ಕುಳಿತ ಕವಚ ಒಂದು ಬಗೆ. ಕವಚವೇ ಭಾರ ಹೊರುವ ಜನರಲ್ ಮೋಟಾರ್ಸ್ ಬಸ್ಸುಗಳಂಥವು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ಕಿಟಕಿಯನ್ನು ಹಿಗ್ಗಿಸುವುದು ಅಥವಾ ಹೊಸ ಬಾಗಿಲು ಕೊರೆಯುವುದು ಎಂದರೆ ಮನೆಯ ತೊಲೆಯನ್ನೇ ಕತ್ತರಿಸಿದಂತೆ. ಇನ್ನು ಅನಿಲದ ಸಿಲಿಂಡರನ್ನು ಒಳಾಂಗಣದಿಂದ ಬೇರ್ಪಟ್ಟ, ತಳದಲ್ಲಿ ಗಾಳಿಕಿಂಡಿಯುಳ್ಳ ಗೂಡಿನಲ್ಲಿಯೇ ಇಡಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಕೆಳಗೇ ಶೇಖರಗೊಳ್ಳುತ್ತದೆ. ತುರ್ತು ನಿರ್ಗಮನದ ದಾರಿಯನ್ನು ಕಪಾಟಿನಿಂದ ಮುಚ್ಚಕೂಡದು.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಹಿಡಿಯುವ ರೀತಿಯನ್ನು ತಿಳಿಸಲೆಂದಷ್ಟೇ ಕೆಲವು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಂಡಿದೆ. ಒಬ್ಬ ಕಾರ್ಯಾಗಾರದ ಮಾಲೀಕರು 6 ಲಕ್ಷ ರೂಪಾಯಿಗೆ ಬಸ್ಸು ಕೊಂಡು, 30 ಲಕ್ಷಕ್ಕೆ ಮಾರುವ ಒಪ್ಪಂದ ಮಾಡಿಕೊಂಡರೆನ್ನಿ. ಸಾಮಗ್ರಿಗೆ 12 ಲಕ್ಷ. ಕೂಲಿ ಹಾಗೂ ಕಾರ್ಯಾಗಾರದ ಮೇಲ್ವೆಚ್ಚ ಸೇರಿ ಗಂಟೆಗೆ 250 ರೂಪಾಯಿಯಂತೆ 2,000 ಗಂಟೆಗಳಿಗೆ 5 ಲಕ್ಷ. ಒಟ್ಟು 23 ಲಕ್ಷ. ಎಂಟು ತಿಂಗಳ ಕಾಲ ಸರಾಸರಿ 15 ಲಕ್ಷ ತೊಡಗಿಸಿದ್ದಕ್ಕೆ ಶೇಕಡ 12ರಂತೆ ಬಡ್ಡಿ 1 ಲಕ್ಷ 20 ಸಾವಿರ. ಕಾಗದದ ಮೇಲೆ ಲಾಭ 5 ಲಕ್ಷ 80 ಸಾವಿರ.

ಕೆಲಸ ಆರಂಭವಾದ ಮೇಲೆ ನೆಲಹಾಸಿನ ಕೆಳಗೆ ತುಕ್ಕು ಕಂಡುಬರುತ್ತದೆ. ಸಾಮಗ್ರಿಗೆ 2 ಲಕ್ಷ ಹೆಚ್ಚು. 2,000 ಗಂಟೆಗಳ ಕೆಲಸ 3,600 ಗಂಟೆಗಳಿಗೆ ಬೆಳೆಯುತ್ತದೆ. ಕೂಲಿ 9 ಲಕ್ಷವಾಗುತ್ತದೆ. ಎಂಟು ತಿಂಗಳು ಹದಿನಾರಾಗುತ್ತದೆ. ಬಡ್ಡಿ 2 ಲಕ್ಷ 40 ಸಾವಿರ. ಒಟ್ಟು ವೆಚ್ಚ 31 ಲಕ್ಷ 40 ಸಾವಿರ. ಲಾಭದ ಸ್ಥಾನದಲ್ಲಿ 1 ಲಕ್ಷ 40 ಸಾವಿರ ನಷ್ಟ. ಬಸ್ಸಿನ ಬೆಲೆಯಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಾಗಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಕೊಳ್ಳುವಾಗ ಚೌಕಾಸಿ ಮಾಡಿ ಒಂದು ಲಕ್ಷ ಉಳಿಸಿದ್ದರೂ ನಷ್ಟ ತಪ್ಪುತ್ತಿರಲಿಲ್ಲ. ಈ ಉದ್ಯಮದಲ್ಲಿ ಬಸ್ಸು ಎಂಬುದು ಅತ್ಯಂತ ಅಗ್ಗದ ಕಚ್ಚಾವಸ್ತು; ಗಂಟೆಯೇ ದುಬಾರಿಯ ಸರಕು.

ಆದುದರಿಂದ ಇಂತಹ ಕೆಲಸಕ್ಕೆ ಇಳಿಯುವವರು ಪ್ರತಿ ಬಸ್ಸಿಗೂ ಪ್ರತ್ಯೇಕ ಕೆಲಸಪಟ್ಟಿಯನ್ನಿಟ್ಟು, ಪ್ರತಿ ಕೆಲಸಗಾರನ ಗಂಟೆಗಳನ್ನು ಅಂದಂದೇ ನಮೂದಿಸುವುದು ಅವಶ್ಯಕ. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಹಜ ಪ್ರಮಾಣದಲ್ಲಿ ವ್ಯರ್ಥವಾದ ಸಾಮಗ್ರಿ ಮತ್ತು ಕೂಲಿಯನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಅದು ಆಯಾ ವರ್ಷದ ಖರ್ಚು. ವರ್ಷಾಂತ್ಯದಲ್ಲಿ ಅರ್ಧ ಮುಗಿದ ಬಸ್ಸನ್ನು, ಆದ ಖರ್ಚನ್ನೆಲ್ಲ ಕೂಡಿಸಿ ಆಸ್ತಿಪಟ್ಟಿಯಲ್ಲಿ ತೋರಿಸಿದರೆ ಬ್ಯಾಲೆನ್ಸ್ ಷೀಟ್ ಸುಂದರವಾಗಿ ಕಾಣಬಹುದು, ಆದರೆ ಮಾಲೀಕನೇ ಮೋಸಹೋಗುತ್ತಾನೆ. ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದೇ ದಾಸ್ತಾನಿನ ಬೆಲೆ. ಗ್ರಾಹಕನೊಡನೆ ಒಪ್ಪಂದ ಮಾಡಿಕೊಳ್ಳುವಾಗಲೂ, ಬಸ್ಸನ್ನು ಕಳಚಿ ಪರೀಕ್ಷಿಸುವ ಹಂತಕ್ಕೆ ಒಂದು ದರ, ಆ ವರದಿಯನ್ನು ನೋಡಿದ ಮೇಲೆ ಉಳಿದ ಕೆಲಸಕ್ಕೆ ಇನ್ನೊಂದು ದರ ಎಂದು ಎರಡು ಭಾಗ ಮಾಡುವುದು ಕ್ಷೇಮಕರ.

ಜೀರ್ಣೋದ್ಧಾರವೋ, ಮಾರ್ಪಾಡೋ?

ಹಳೆಯ ಬಸ್ಸನ್ನು ಮೂಲರೂಪಕ್ಕೆ ತರುವುದು ಒಂದು ಕಸುಬು. ಅದನ್ನು ಮನೆಯನ್ನಾಗಿಸುವುದು ಇನ್ನೊಂದು ಕಸುಬು. ಎರಡನ್ನೂ ಒಂದೇ ಮಾತಿನಲ್ಲಿ ಹೇಳುವುದು ರೂಢಿಯಾದರೂ ಅವುಗಳ ಮೌಲ್ಯ ನಿಂತಿರುವುದು ಪರಸ್ಪರ ವಿರುದ್ಧ ಆಧಾರಗಳ ಮೇಲೆ. ಅಂತಾರಾಷ್ಟ್ರೀಯ ಪ್ರಾಚೀನ ವಾಹನಗಳ ಒಕ್ಕೂಟವಾದ 'ಫೀವಾ' ಸಂಸ್ಥೆಯ ವ್ಯಾಖ್ಯೆಯಂತೆ, ಐತಿಹಾಸಿಕ ವಾಹನವೆಂದರೆ ಕನಿಷ್ಠ 30 ವರ್ಷ ಹಳೆಯದಾಗಿದ್ದು ಚರಿತ್ರೆಗೆ ಅನುಗುಣವಾದ ಸ್ಥಿತಿಯಲ್ಲಿ ಸಂರಕ್ಷಿಸಲ್ಪಟ್ಟಿರಬೇಕು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ 40 ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ತಪಾಸಣೆಯಿಂದ ನೀಡಲಾದ ವಿನಾಯಿತಿಯೂ ಗಣನೀಯ ಮಾರ್ಪಾಡು ಆಗಿರಬಾರದೆಂಬ ಷರತ್ತಿಗೆ ಒಳಪಟ್ಟಿದೆ.

ಲಂಡನ್ನಿನ ಕೆಂಪು ಮಹಡಿ ಬಸ್ಸನ್ನು ಮನೆಮಾಡಿಕೊಂಡು ಯೂರೋಪು ಸುತ್ತುವ ಕಥೆಯ 'ಸಮ್ಮರ್ ಹಾಲಿಡೇ' ಚಲನಚಿತ್ರ 1963ರಲ್ಲಿ ತೆರೆಕಂಡು ಈ ಕನಸಿಗೆ ಜನಪ್ರಿಯತೆಯನ್ನು ತಂದಿತು. 1954ರಿಂದ 1968ರವರೆಗೆ 2,876 'ರೂಟ್‌ಮಾಸ್ಟರ್' ಬಸ್ಸುಗಳು ತಯಾರಾದವು. ಲಂಡನ್ನಿನ ಸಾಮಾನ್ಯ ಮಾರ್ಗಗಳಿಂದ ಅವು 2005ರ ಡಿಸೆಂಬರ್ 9ರಂದು ನಿವೃತ್ತಿಯಾದವು. ಅಂತಹ ಬಸ್ಸಿನ ಮೂಲ ಆಸನ, ಗಂಟೆಯ ಹಗ್ಗ, ಮೆಟ್ಟಿಲುಗಳನ್ನು ಕಿತ್ತು ಬಿಸಾಡಿದವನು ಸಂಗ್ರಾಹಕನಿಗೆ ಬೇಕಾದ ಮೌಲ್ಯವನ್ನೇ ಕಿತ್ತೆಸೆದಂತಾಗುತ್ತದೆ. ಅನುಭವಿಗಳು ಅನುಸರಿಸುವ ವಿಧಾನವೆಂದರೆ ಹಿಂದಿರುಗಿಸಬಹುದಾದ ಮಾರ್ಪಾಡು: ಹೊರಕವಚ, ಚಾಲಕನ ಫಲಕ, ಎಂಜಿನ್ನುಗಳನ್ನು ಮೂಲದಂತೆ ಉಳಿಸಿಕೊಂಡು, ಒಳಗಣ ಸಜ್ಜನ್ನು ವೆಲ್ಡಿಂಗ್ ಮಾಡದೆ ಬೋಲ್ಟುಗಳಿಂದ ಬಿಗಿದು, ಕಳಚಿದ ಭಾಗಗಳನ್ನು ಪಟ್ಟಿಮಾಡಿ ಜೋಪಾನವಾಗಿರಿಸುವುದು.

ನಮ್ಮ ಕಾನೂನಿನ ಚೌಕಟ್ಟು

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂಬುದು ಅದರ ಸಾರ. ಈ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೆ. ಜಯಚಂದ್ರ ಪ್ರಕರಣದ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಚಾರಿ ಮನೆಗಳಿಗೆಂದೇ 'ಎ.ಐ.ಎಸ್.-124' ಎಂಬ ಮಾನಕವಿದೆ. ಬಸ್ಸಿನ ಕವಚಕ್ಕೆ 'ಎ.ಐ.ಎಸ್.-052' ಸಂಹಿತೆಯಿದೆ. ಖಾಸಗಿ ಉಪಯೋಗದ ಕ್ಯಾಂಪರ್ ವ್ಯಾನುಗಳನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆಯು ಸಾರಿಗೇತರ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಅಂದರೆ ಸಂಚಾರಿ ಮನೆಯು ನಮ್ಮಲ್ಲಿ ನಿಷಿದ್ಧವಲ್ಲ. ಆದರೆ ಮಾನ್ಯತೆ ಪಡೆದ ವಿನ್ಯಾಸದ ಹಾದಿಯಲ್ಲಿಯೇ ಬರಬೇಕು.

ಇನ್ನು ಹಳೆಯ ಬಸ್ಸಿನ ಲಭ್ಯತೆಯ ಪ್ರಶ್ನೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಸರ್ಕಾರಗಳಿಗೂ ರಾಜ್ಯ ಸಾರಿಗೆ ಸಂಸ್ಥೆಗಳಿಗೂ ಸೇರಿದ ವಾಹನಗಳ ನೋಂದಣಿಯು 15 ವರ್ಷಗಳಿಗೆ ಮುಕ್ತಾಯಗೊಳ್ಳುತ್ತದೆ. ಅವು ನೋಂದಾಯಿತ ಗುಜರಿ ಕೇಂದ್ರಗಳ ಮೂಲಕವೇ ವಿಲೇವಾರಿಯಾಗಬೇಕು. ಅಂತಹ ಬಸ್ಸನ್ನು ಕೊಂಡು ಮತ್ತೆ ರಸ್ತೆಗಿಳಿಸುವ ಮಾರ್ಗವಿಲ್ಲ. 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎನ್ನುವಂತೆ ನೋಂದಣಿ ಕಳೆದುಕೊಂಡ ಬಸ್ಸಿಗೂ ಬೆಲೆಯಿದೆ, ನಿಜ. ಆದರೆ ಅದು ಲೋಹದ ಬೆಲೆಯೇ ಹೊರತು ವಾಹನದ ಬೆಲೆಯಲ್ಲ.

ಬಸ್ಸು 50 ವರ್ಷ ಮೀರಿದ್ದರೆ 2021ರ ಪ್ರಾಚೀನ ವಾಹನ ನಿಯಮಗಳ ಆಶ್ರಯ ದೊರೆಯಬಹುದಲ್ಲವೆ ಎಂದು ಕೇಳುವವರುಂಟು. ಆ ನಿಯಮಗಳು ಸ್ವಂತ ಬಳಕೆಯ, ವಾಣಿಜ್ಯೇತರ ವಾಹನಗಳಿಗೆ ಸಂಬಂಧಿಸಿದವು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದ್ದು, ಷಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದೆಂಬುದು ಮುಖ್ಯ ಷರತ್ತು. ದಿನನಿತ್ಯದ ಅಥವಾ ವಾಣಿಜ್ಯ ಉದ್ದೇಶದ ಸಂಚಾರಕ್ಕೆ ಅವಕಾಶವಿಲ್ಲ. ಹೀಗಾಗಿ, ಪ್ರಾಚೀನವೆಂಬ ಮನ್ನಣೆಯನ್ನೂ ಮನೆಯೆಂಬ ಸೌಕರ್ಯವನ್ನೂ ಒಂದೇ ವಾಹನದಲ್ಲಿ ಪಡೆಯಲು ಹೋದರೆ ಎರಡೂ ಕೈತಪ್ಪುವ ಸಂಭವವೇ ಹೆಚ್ಚು. ದೊಡ್ಡ ಬಸ್ಸಿನ ವಿಷಯದಲ್ಲಿ ಸಾರಿಗೆ ಪ್ರಾಧಿಕಾರದ ಲಿಖಿತ ಅಭಿಪ್ರಾಯವನ್ನು ಪಡೆಯದೆ ಹಣ ತೊಡಗಿಸಬಾರದು.

ತೆರಿಗೆಯ ಮೂರು ಮಗ್ಗುಲು

ಮೊದಲನೆಯದು, ಸರಕೋ ಸೇವೆಯೋ ಎಂಬ ಪ್ರಶ್ನೆ. ಗ್ರಾಹಕನು ಒದಗಿಸಿದ ಷಾಸಿಯ ಮೇಲೆ ಕವಚ ಕಟ್ಟಿಕೊಡುವುದು ಸೇವೆಯೆಂದೂ, ತನ್ನದೇ ಷಾಸಿಯ ಮೇಲೆ ಕಟ್ಟಿ ಮಾರುವುದು ಸರಕಿನ ಪೂರೈಕೆಯೆಂದೂ 2018ರ ಆಗಸ್ಟ್ ತಿಂಗಳ ಜಿ.ಎಸ್.ಟಿ. ಸುತ್ತೋಲೆ ಸ್ಪಷ್ಟಪಡಿಸಿತು. ಸೇವೆಗೆ ಶೇಕಡ 18ರ ದರ. ಸರಕಾದರೆ ವರ್ಗೀಕರಣ ಮುಖ್ಯವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ, ಹತ್ತು ಅಥವಾ ಹೆಚ್ಚು ಮಂದಿಯನ್ನು ಒಯ್ಯುವ ಬಸ್ಸಿಗೆ ಶೇಕಡ 18ರ ದರವಿದ್ದರೆ, ಕಾರುಗಳ ಶೀರ್ಷಿಕೆಯಲ್ಲಿ ಶೇಕಡ 18 ಮತ್ತು ಶೇಕಡ 40ರ ದರಗಳಿವೆ. ಅಂತಾರಾಷ್ಟ್ರೀಯ ಸುಂಕಪಟ್ಟಿಯ ವಿವರಣೆಗಳು ವಾಸಕ್ಕೆ ಸಜ್ಜುಗೊಳಿಸಿದ ಸಂಚಾರಿ ಮನೆಯನ್ನು ಕಾರುಗಳ ಶೀರ್ಷಿಕೆಯಲ್ಲಿ ಸೇರಿಸುತ್ತವೆ. ಬಸ್ಸನ್ನು ಕೊಂಡವನು ಬಸ್ಸಿನ ದರದಲ್ಲಿಯೇ ಮಾರಬಹುದೆಂದು ಭಾವಿಸಿದರೆ ಲಾಭವೆಲ್ಲ ತೆರಿಗೆಗೆ ಕರಗೀತು. ಒಪ್ಪಂದಕ್ಕೆ ಮುಂಚೆಯೇ ಮುಂಗಡ ತೀರ್ಪು ಪ್ರಾಧಿಕಾರದ ಮೊರೆ ಹೋಗುವುದು ಲೇಸು.

ಎರಡನೆಯದು, ಹಳೆಯ ಸರಕಿನ ಮಾರಾಟದಲ್ಲಿ ಲಾಭಾಂಶದ ಮೇಲಷ್ಟೇ ತೆರಿಗೆ ಕಟ್ಟುವ ಸೌಲಭ್ಯ. ಜಿ.ಎಸ್.ಟಿ. ನಿಯಮ 32ರ ಉಪನಿಯಮ 5ರಂತೆ, ಸರಕನ್ನು ಇದ್ದಂತೆಯೇ ಅಥವಾ ಅದರ ಸ್ವರೂಪವನ್ನು ಬದಲಿಸದ ಅಲ್ಪಸ್ವಲ್ಪ ಸಂಸ್ಕರಣೆಯ ನಂತರ ಮಾರಿದರೆ ಮಾತ್ರ ಈ ಸೌಲಭ್ಯ ದೊರೆಯುತ್ತದೆ. 40 ಆಸನಗಳ ಬಸ್ಸು ಮನೆಯಾಗುವುದನ್ನು ಅಲ್ಪಸ್ವಲ್ಪ ಸಂಸ್ಕರಣೆಯೆನ್ನುವುದು ಕಷ್ಟ.

ಮೂರನೆಯದು, ಹೂಡುವಳಿ ತೆರಿಗೆಯ ಜಮೆ. ಚಾಲಕನೂ ಸೇರಿ 13ಕ್ಕಿಂತ ಹೆಚ್ಚಿಲ್ಲದ ಆಸನಗಳ ವಾಹನಗಳಿಗೆ, ಕೆಲವು ನಿರ್ದಿಷ್ಟ ಉದ್ದೇಶಗಳ ಹೊರತು, 17ನೆಯ ಕಲಮಿನ 5ನೆಯ ಉಪಕಲಮು ಜಮೆಯನ್ನು ನಿರ್ಬಂಧಿಸುತ್ತದೆ. ಸಂಚಾರಿ ಮನೆಯಲ್ಲಿ ಆಸನಗಳು ಸಾಮಾನ್ಯವಾಗಿ ಆರೋ ಎಂಟೋ ಇರುತ್ತವೆ. ತನ್ನ ಅತಿಥಿಗಳಿಗಾಗಿ ಕೊಳ್ಳುವ ಕಂಪನಿಗೆ ತೆರಿಗೆಯೂ ಬೆಲೆಯ ಭಾಗವೇ ಆಗುತ್ತದೆ. ಮಾರುವವರು ಗ್ರಾಹಕನಿಗೆ ಇದನ್ನು ಮೊದಲೇ ತಿಳಿಸುವುದು ವ್ಯಾಪಾರಧರ್ಮ.

ತೆರೆದಿರುವ ಬಾಗಿಲುಗಳು

ಇಷ್ಟನ್ನೆಲ್ಲ ಓದಿ ನಿರಾಶರಾಗಬೇಕಾಗಿಲ್ಲ. ಮೂರು ದಾರಿಗಳು ಸ್ಪಷ್ಟವಾಗಿ ತೆರೆದಿವೆ. ಮೊದಲನೆಯದು, ನಿಂತಲ್ಲಿಯೇ ನಿಲ್ಲುವ ಬಸ್ಸು. ರಸ್ತೆಗಿಳಿಯದ ಬಸ್ಸಿನ ಕವಚವು ವಾಹನವಲ್ಲ, ಸಾಮಗ್ರಿ. 2020ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವನ್ನಾಗಿ ಮಾರ್ಪಡಿಸಿ, ನಿವೃತ್ತ ಬಸ್ಸಿನ ಸದುಪಯೋಗಕ್ಕೆ ಮಾದರಿಯನ್ನು ಒದಗಿಸಿತು. ತೋಟದ ಅತಿಥಿಗೃಹಗಳಿಗೆ, ಪ್ರವಾಸಿ ತಂಗುದಾಣಗಳಿಗೆ ಇಂತಹ ಕವಚಗಳನ್ನು ಕಾನೂನುಬದ್ಧವಾಗಿ ಪಡೆದು ಸಜ್ಜುಗೊಳಿಸಿಕೊಡಬಹುದು. ಎಂಜಿನ್, ಬ್ರೇಕು, ಟೈರುಗಳ ಖರ್ಚಿಲ್ಲ. ಸ್ಥಳೀಯ ಸಂಸ್ಥೆಯ ಪರವಾನಗಿ, ಅಗ್ನಿಸುರಕ್ಷತೆ, ಕೊಳಚೆ ನೀರಿನ ವಿಲೇವಾರಿಗಳನ್ನು ಮಾತ್ರ ಅಲಕ್ಷಿಸಬಾರದು.

ಎರಡನೆಯದು, ಮೂಲರೂಪದ ಪುನಶ್ಚೇತನ. ಸಾರಿಗೆ ನಿಗಮವು ತನ್ನ ಕಾರ್ಯಾಗಾರಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಬಸ್ಸುಗಳಿಗೆ ಹೊಸ ಕಳೆ ಕೊಟ್ಟು ಸೇವೆಗೆ ಮರಳಿಸಿದೆ. ಬಸ್ಸು ಬಸ್ಸಾಗಿಯೇ ಉಳಿಯುವುದರಿಂದ ಮೇಲೆ ಹೇಳಿದ ಮಾರ್ಪಾಡಿನ ಪ್ರಶ್ನೆ ಏಳುವುದಿಲ್ಲ. ಖಾಸಗಿ ಬಸ್ ಮಾಲೀಕರಿಗೆ, ಶಾಲೆಗಳಿಗೆ, ಪ್ರಾಚೀನ ವಾಹನಗಳ ಸಂಗ್ರಾಹಕರಿಗೆ ಇಂತಹ ಸೇವೆಯನ್ನು ನಮ್ಮ ಕಾರ್ಯಾಗಾರಗಳು ಒದಗಿಸಬಲ್ಲವು. ಮೂರನೆಯದು, ಮಾನ್ಯತೆ ಪಡೆದ ತಯಾರಕರೊಡನೆ ಸೇರಿ ಹೊಸ ಷಾಸಿಯ ಮೇಲೆ ಎ.ಐ.ಎಸ್.-124ಕ್ಕೆ ಅನುಗುಣವಾಗಿ ಕಟ್ಟುವ ಸಂಚಾರಿ ಮನೆಗಳಿಗೆ ಪೀಠೋಪಕರಣ, ತೊಟ್ಟಿ, ವಿದ್ಯುತ್ ಜೋಡಣೆಗಳನ್ನು ಪೂರೈಸುವುದು. ಇಲ್ಲಿ ಪ್ರಮಾಣೀಕರಣದ ಹೊರೆ ದೊಡ್ಡವರದು. ಕುಶಲತೆಯ ಆದಾಯ ಸಣ್ಣವರದು.

ಇದರೊಡನೆ ನಮ್ಮ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆಯೊಂದಿದೆ. ಮಾದರಿ ಅನುಮೋದನೆಯ ಪದ್ಧತಿ ರೂಪುಗೊಂಡಿರುವುದು ನೂರಾರು ಸಂಖ್ಯೆಯಲ್ಲಿ ತಯಾರಿಸುವ ಕಾರ್ಖಾನೆಗಳಿಗಾಗಿ. ವರ್ಷಕ್ಕೆ ಎರಡು ವಾಹನ ಕಟ್ಟುವ ಕಾರ್ಯಾಗಾರವು ಪರೀಕ್ಷಾ ವೆಚ್ಚವನ್ನು ಎರಡು ವಾಹನಗಳ ಮೇಲೆಯೇ ಹಂಚಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಒಂದೊಂದೇ ವಾಹನವನ್ನು ಪರೀಕ್ಷಿಸಿ ಅನುಮೋದಿಸುವ ಪ್ರತ್ಯೇಕ ವ್ಯವಸ್ಥೆಯಿದೆ. ಸುರಕ್ಷತೆಯಲ್ಲಿ ರಾಜಿಯಿಲ್ಲದೆ, ಭಾರ, ಬ್ರೇಕು, ಅಗ್ನಿ, ಅನಿಲ, ನಿರ್ಗಮನಗಳನ್ನು ನಿಗದಿತ ಶುಲ್ಕಕ್ಕೆ ಪರೀಕ್ಷಿಸುವ ಅಂತಹ ವ್ಯವಸ್ಥೆಯೊಂದು ನಮ್ಮಲ್ಲಿಯೂ ಬಂದರೆ, ಇಂದು ಕದ್ದುಮುಚ್ಚಿ ನಡೆಯುವ ಕೆಲಸವು ಬೆಳಕಿಗೆ ಬಂದೀತು; ತೆರಿಗೆಯೂ ಸಂದಾಯವಾದೀತು; ಕುಶಲಕರ್ಮಿಗೂ ಹೆಸರು ಬಂದೀತು.

ಅಲ್ಲಿಯವರೆಗೆ ಉದ್ಯಮಿ ಬಂಧುಗಳು ನೆನಪಿಡಬೇಕಾದ ಕ್ರಮ ಸರಳವಾದುದು. ಮೊದಲು ನೋಂದಣಿಯ ಕಾಗದ, ಅನಂತರ ತೆರಿಗೆಯ ವರ್ಗ, ಆಮೇಲೆ ಗಂಟೆಗಳ ಅಂದಾಜು, ಎಲ್ಲಕ್ಕಿಂತ ಕೊನೆಗೆ ಬಸ್ಸಿನ ಬೆಲೆ. ಈ ಕ್ರಮವನ್ನು ತಿರುಗುಮುರುಗು ಮಾಡಿ, ಅಗ್ಗವಾಗಿ ಸಿಕ್ಕಿತೆಂದು ಬಸ್ಸನ್ನು ಮೊದಲು ಕೊಂಡವರ ಅಂಗಳದಲ್ಲಿ ಅದು ಮಳೆಗೆ ನೆನೆಯುತ್ತ ನಿಲ್ಲುತ್ತದೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ.